ಹತ್ತು ಸೆಂಟಿಗೆ ಕಡಿಮೆ

ಬದುಕಿಗೊಂದು ಗುರಿ ಕಂಡುಕೊಳ್ಳಲು ಈಗ ನಾಲ್ಕು ವೃತ್ತ ಸಾಕಂತೆ. ನಮ್ಮ ಆಫೀಸಿನಲ್ಲಿ ಒಂದು ಶನಿವಾರ ಎಲ್ಲರನ್ನೂ ಕೂರಿಸಿ, ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ತರಬೇತಿಗೆಂದು ಬಂದಿದ್ದ ಹೆಣ್ಣುಮಗಳು ಇದನ್ನು ಹೇಳಿಕೊಟ್ಟಳು. ನಿಮಗೆ ಇಷ್ಟವಾದದ್ದು ಒಂದು ವೃತ್ತ, ಚೆನ್ನಾಗಿ ಬರುವುದು ಇನ್ನೊಂದು, ಲೋಕಕ್ಕೆ ಬೇಕಾದದ್ದು ಮತ್ತೊಂದು, ಕಾಸು ತರುವುದು ನಾಲ್ಕನೆಯದು. ನಾಲ್ಕೂ ಕೂಡುವ ನಡುಜಾಗದಲ್ಲಿ ನಿಮ್ಮ ಗುರಿ ಕೂತಿರುತ್ತದೆ, ಜಪಾನಿನವರು ಅದನ್ನು ‘ಇಕಿಗೈ’ ಅನ್ನುತ್ತಾರೆ ಎಂದಳು. ನನ್ನ ಪಕ್ಕದಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಅಕೌಂಟ್ಸ್ ವಿಭಾಗದ ಹಿರಿಯರು ಕೂತಿದ್ದರು. ಮೊದಲ ವೃತ್ತದಲ್ಲಿ ‘ಮಧ್ಯಾಹ್ನದ ನಿದ್ದೆ’ ಎಂದು ಬರೆದರು. ಕೊಂಚ ಯೋಚಿಸಿ ಎರಡನೆಯದರಲ್ಲೂ ಅದನ್ನೇ ಬರೆದರು. ಮೂರನೆಯದರ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತು, “ಲೋಕಕ್ಕೂ ಬೇಕಾಗಿರೋದು ಅದೇ ಕಣ್ರೀ, ಒಪ್ಪಿಕೊಳ್ಳಲ್ಲ ಅಷ್ಟೆ” ಎಂದು ನಿಟ್ಟುಸಿರಿಟ್ಟರು.

ಆಮೇಲೆ ಕುತೂಹಲಕ್ಕೆ ಈ ವೃತ್ತಗಳ ಮೂಲ ಹುಡುಕಿದೆ. ಇಕಿಗೈ ಬಗ್ಗೆ ಜಪಾನಿನಲ್ಲಿ ಹೆಸರಾದ ಪುಸ್ತಕ ಬರೆದವರು ಮಿಯೆಕೊ ಕಮಿಯಾ ಎಂಬ ಮನೋವೈದ್ಯೆ, 1966ರಲ್ಲಿ. ನಾಗಾಶಿಮಾ ದ್ವೀಪದ ಕುಷ್ಠರೋಗಿಗಳ ಆಶ್ರಮದಲ್ಲಿ ಕೆಲಸ ಮಾಡಿದವರು. ಮನೆ, ಮಂದಿ, ಮುಖದ ರೂಪ ಎಲ್ಲವನ್ನೂ ಕಳೆದುಕೊಂಡವರಲ್ಲಿ ಕೆಲವರು ಬೆಳಿಗ್ಗೆ ಏಳುವುದಕ್ಕೆ ಏನನ್ನು ಹಿಡಿದುಕೊಳ್ಳುತ್ತಾರೆ ಎಂದು ಹತ್ತಿರದಿಂದ ಕಂಡವರು. ಅವರ ಪುಸ್ತಕದಲ್ಲಿ ಈ ನಾಲ್ಕು ವೃತ್ತಗಳಿಲ್ಲ. ವೃತ್ತ ಬಿಡಿಸಿದವರು ಸ್ಪೇನಿನ ಆಂದ್ರೆಸ್ ಝುಝುನಾಗಾ ಎಂಬ ಜ್ಯೋತಿಷಿ. 2014ರಲ್ಲಿ ಮಾರ್ಕ್ ವಿನ್ ಎಂಬವರು ಆ ಚಿತ್ರದ ನಡುವಿನ ಪದ ತೆಗೆದು ‘ಇಕಿಗೈ’ ಎಂದು ಬರೆದರು. ಅಲ್ಲಿಂದ ಅದು ಲೋಕ ಸುತ್ತಿ ನಮ್ಮ ಬಿಸ್ಕತ್ತಿನ ತಟ್ಟೆಯ ಪಕ್ಕಕ್ಕೆ ಬಂತು. ಜಾತಕದಲ್ಲಾದರೆ ಹನ್ನೆರಡು ಮನೆ, ಇದರಲ್ಲಿ ನಾಲ್ಕೇ. ಅಷ್ಟರ ಮಟ್ಟಿಗೆ ಉಳಿತಾಯ.

ನನ್ನ ಹಾಳೆ ಖಾಲಿಯೇ ಉಳಿಯಿತು. ಅದನ್ನು ನೋಡುತ್ತ ಕೂತವನಿಗೆ ದೊಡ್ಡಪ್ಪ ನೆನಪಾದರು. ನಾನು ಹತ್ತಿರದಿಂದ ಬಲ್ಲವರಲ್ಲಿ ಒಂದು ಗುರಿಗೆ ಕಟ್ಟುಬಿದ್ದು ಬಾಳಿದವರು ಅವರೊಬ್ಬರೇ. ಆ ಗುರಿಯಾದರೋ ನಾಲ್ಕೂ ವೃತ್ತಗಳ ಆಚೆ, ಹಾಳೆಯ ಅಂಚಿನಲ್ಲೂ ಜಾಗ ಸಿಗದಂಥದ್ದು.

ದೊಡ್ಡಪ್ಪ ಮಳೆ ಅಳೆಯುತ್ತಿದ್ದರು.

ತೀರ್ಥಹಳ್ಳಿಯ ಕಡೆ ಅಡಿಕೆ ತೋಟದ ಮನೆ. ಒಮ್ಮೆ ಯಾವುದೋ ಕಾಫಿ ಎಸ್ಟೇಟು ಕೈ ಬದಲಾಗಿ ಹಳೆಯ ಸಾಮಾನು ಹರಾಜಿಗೆ ಬಂತು. ಬಚ್ಚಲಿಗೊಂದು ತಾಮ್ರದ ಹಂಡೆ ತರುತ್ತೇನೆಂದು ಹೋದ ದೊಡ್ಡಪ್ಪನಿಗೆ ಹಂಡೆಯ ಒಳಗೆ ಕೊಸರಾಗಿ ಒಂದು ಮಳೆಮಾಪಕ ಸಿಕ್ಕಿತು. ಐದಿಂಚು ಬಾಯಿಯ ಆಲಿಕೆ, ಕೆಳಗೊಂದು ಶೀಶೆ, ಎರಡನ್ನೂ ಹೊತ್ತ ಲೋಹದ ಡಬ್ಬಿ, ಜೊತೆಗೆ ಸಪೂರದ ಅಳತೆ ಗ್ಲಾಸು. ಇಂಚಿಗೆ ನೂರು ಸೆಂಟು. ಗ್ಲಾಸು ಒಂದು ಸಲಕ್ಕೆ ಹಿಡಿಯುವುದು ಐವತ್ತು ಸೆಂಟು. ಹಂಡೆ ಮೊದಲ ವರ್ಷವೇ ಸೋರಿತು. ಮಾಪಕ ಸೋರಲಿಲ್ಲ. ದೊಡ್ಡಪ್ಪನ ಬದುಕಿನ ದಿಕ್ಕು ತೀರ್ಮಾನವಾದದ್ದು ಹೀಗೆ.

ಮಳೆಯ ದಿನ ಶುರುವಾಗುವುದು ಬೆಳಿಗ್ಗೆ ಎಂಟೂವರೆಗೆ. ಇದು ದೊಡ್ಡಪ್ಪ ಮಾಡಿದ ನಿಯಮವಲ್ಲ, ಹವಾಮಾನ ಇಲಾಖೆಯದು. ಇಡೀ ದೇಶದಲ್ಲಿ ಮಳೆ ಓದುವುದು ಆ ಹೊತ್ತಿಗೇ. ಆದರೆ ಇಲಾಖೆಗೆ ಆ ಹೊತ್ತಿನಲ್ಲಿ ದೋಸೆ ಹೊಯ್ಯುವ ಕೆಲಸವಿರುವುದಿಲ್ಲ. ನಮ್ಮ ಮನೆಯಲ್ಲಿ ಎಂಟೂವರೆಗೆ ಕಾವಲಿ ಕಾದಿರುತ್ತಿತ್ತು, ದೊಡ್ಡಪ್ಪ ಕಂಬಳಿಕೊಪ್ಪೆ ಹೊದ್ದು ಅಂಗಳದಲ್ಲಿರುತ್ತಿದ್ದರು. ಆಷಾಢದ ಜಡಿಮಳೆಯಲ್ಲಿ ಒಂದು ದಿನಕ್ಕೆ ಹತ್ತು ಹನ್ನೆರಡು ಗ್ಲಾಸು ಅಳೆದು ಚೆಲ್ಲಬೇಕು. ಚೆಲ್ಲಿದ್ದು ಮತ್ತೆ ಸಿಗುವುದಿಲ್ಲ, ಹಾಗಾಗಿ ಎಣಿಕೆ ತಪ್ಪಿದರೆ ಆ ದಿನದ ಮಳೆಯೇ ಕೈಬಿಟ್ಟಂತೆ. ಗ್ಲಾಸು ಐದೋ ಆರೋ ಆಗಿರುವಾಗ ಒಬ್ಬ ನೆಂಟರು ಜಗಲಿಯಿಂದ, “ಇಲ್ಲಿಂದ ಕೊಪ್ಪಕ್ಕೆ ಎಷ್ಟು ಗಂಟೆಗೆ ಬಸ್ಸು?” ಎಂದು ಕೇಳಿದರು. “ಒಂಬತ್ತೂಕಾಲು” ಎಂದ ದೊಡ್ಡಪ್ಪ ಗ್ಲಾಸು ಹಿಡಿದು ನಿಂತಲ್ಲೇ ನಿಂತರು. ಆ ನೆಂಟರು ಅದೇ ಬಸ್ಸಿಗೆ ಹೋದರು. ಆ ತಾರೀಖಿನ ಮುಂದೆ ಪುಸ್ತಕದಲ್ಲಿ ಇವತ್ತಿಗೂ ಅಂಕಿಯಿಲ್ಲ, ಅವರ ಹೆಸರಿದೆ.

ಇನ್ನೊಂದು ನಿಯಮ ದೊಡ್ಡಮ್ಮನಿಗೆ ದುಬಾರಿಯಾಯಿತು. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕವಿರಬೇಕು, ಇಲ್ಲವಾದರೆ ಎಲೆ ಕೊಂಬೆಗಳು ಮಳೆಯನ್ನು ತಡೆದು ಲೆಕ್ಕ ಕೆಡಿಸುತ್ತವೆ. ಅಡಿಕೆ ತೋಟದವನು ಅಂಥ ಬಯಲಿಗೆ ಎಲ್ಲಿಗೆ ಹೋಗಬೇಕು? ಇದ್ದದ್ದು ಅಂಗಳ ಒಂದೇ. ಅಂಗಳದ ಮೂಲೆಯಲ್ಲಿ ದೊಡ್ಡಮ್ಮ ತವರಿನಿಂದ ತಂದು ನೆಟ್ಟ ಪಾರಿಜಾತವಿತ್ತು. ಒಂದು ದಿನ ಅದು ಇರಲಿಲ್ಲ. ದೊಡ್ಡಮ್ಮ ಏನೂ ಅನ್ನಲಿಲ್ಲ. ನವರಾತ್ರಿಯಲ್ಲಿ ಹೂವಿಗೆಂದು ಆಚೆ ಮನೆಗೆ ಹೋಗಿ ಬಂದಾಗಲೆಲ್ಲ ಬುಟ್ಟಿಯನ್ನು ತಂದು ಮಳೆಮಾಪಕದ ಪಕ್ಕದಲ್ಲೇ ಇಳಿಸಿ, ಒಂದು ಕ್ಷಣ ಸುಧಾರಿಸಿಕೊಂಡು ಒಳಗೆ ಹೋಗುತ್ತಿದ್ದರು.

ಮೂರನೆಯ ನಿಯಮದ ಮೇಲೆ ಮಾತ್ರ ಜಗಳವೇ ಆಯಿತು. ಎರಡೂವರೆ ಮಿಲಿಮೀಟರು, ಅಂದರೆ ಸುಮಾರು ಹತ್ತು ಸೆಂಟು ಬಿದ್ದರೆ ಮಾತ್ರ ಅದು ಇಲಾಖೆಯ ಲೆಕ್ಕದಲ್ಲಿ ಮಳೆದಿನ. ಬೇಸಿಗೆಯಲ್ಲಿ ಒಂದು ಸಂಜೆ ಎಲ್ಲಿಂದಲೋ ಮೋಡ ಬಂದು ನಾಲ್ಕು ಹನಿ ಉದುರಿಸಿ, ಚಾಪೆಯ ಮೇಲೆ ಹರವಿದ್ದ ಸಂಡಿಗೆಯನ್ನೆಲ್ಲ ಮುದ್ದೆ ಮಾಡಿ ಹೋಯಿತು. ಮರುದಿನ ದೊಡ್ಡಪ್ಪ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, “ಏಳು ಸೆಂಟು. ಲೆಕ್ಕದ ಪ್ರಕಾರ ನಿನ್ನೆ ಮಳೆ ಬಂದಿಲ್ಲ” ಎಂದರು.

“ಹಾಗಾದ್ರೆ ಇಲಾಖೆಯವರಿಗೆ ಬರೆದು ಹಾಕಿ, ನನ್ನ ಸಂಡಿಗೆಯೂ ನೆಂದಿಲ್ಲ ಅಂತ” ಎಂದು ದೊಡ್ಡಮ್ಮ ಚಾಪೆ ಕೊಡವಿದರು.

ತಮಾಷೆಯೆಂದರೆ, ಇಷ್ಟು ನಿಯಮ ಪಾಲಿಸಿದ ಈ ಲೆಕ್ಕವನ್ನು ಯಾರೂ ಕೇಳಿರಲಿಲ್ಲ. ಕೊಳೆರೋಗದ ಕಾಲದಲ್ಲಿ ತೋಟದವರು ದಾರಿಯಲ್ಲಿ ನಿಂತು, “ಇಂಚು ಎಷ್ಟಾಯ್ತು?” ಎಂದು ಕೂಗುತ್ತಿದ್ದದ್ದು ನಿಜ. ಆದರೆ ಬೋರ್ಡೋ ಔಷಧಿ ಹೊಡೆಯುವುದು ಮಳೆ ಹೊಳವಾದ ದಿನ, ಮರ ಹತ್ತುವವನು ಸಿಕ್ಕ ದಿನ. ದೊಡ್ಡಪ್ಪನ ಪುಸ್ತಕ ನೋಡಿ ಔಷಧಿ ಹೊಡೆದವರನ್ನು ನಾನು ಕಾಣೆ. ಹಾಗಂತ ಅವರಿಗೆ ಲೋಕದ ಮಳೆಯ ಬಗ್ಗೆ ಅಭಿಪ್ರಾಯಗಳಿಲ್ಲದೆ ಇರಲಿಲ್ಲ. ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಲ್ಲಿ ಎಷ್ಟೋ ವರ್ಷ ಆಗುಂಬೆಗಿಂತ ಹೆಚ್ಚು ಸುರಿದರೂ ಜನ ಆಗುಂಬೆಯ ಹೆಸರನ್ನೇ ಹೇಳುತ್ತಾರೆಂದು ಅವರಿಗೆ ಬಹಳ ನೋವಿತ್ತು. “ಮಳೆ ಹುಲಿಕಲ್ಲಿಗೆ, ಹೆಸರು ಆಗುಂಬೆಗೆ” ಎನ್ನುವಾಗ ಅವರ ದನಿ ದಾಯಾದಿ ವ್ಯಾಜ್ಯದ ಮಾತಿಗೆ ಬಂದವರ ದನಿಯಾಗುತ್ತಿತ್ತು.

ಹೀಗೆ ಯಾರೂ ಕೇಳದೆ ಅಳೆದವರು ಅವರೊಬ್ಬರೇ ಅಲ್ಲ ಎಂದು ನನಗೆ ಬಹಳ ತಡವಾಗಿ ತಿಳಿಯಿತು. ಇಂಗ್ಲೆಂಡಿನಲ್ಲಿ ಜಾರ್ಜ್ ಜೇಮ್ಸ್ ಸೈಮನ್ಸ್ ಎಂಬಾತ 1860ರ ಮಳೆಯನ್ನು 168 ಕಡೆಗಳಿಂದ ತರಿಸಿ ಅಚ್ಚು ಹಾಕಿಸಿದ. 1900ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅಂಥ ಜಾಗಗಳು ಮೂರು ಸಾವಿರ ದಾಟಿದ್ದವು. ಅಳೆಯುತ್ತಿದ್ದವರಲ್ಲಿ ಹೆಚ್ಚಿನವರು ಸಂಬಳವಿಲ್ಲದ ಹವ್ಯಾಸಿಗಳು. ಐದಿಂಚು ಬಾಯಿಯ ಆ ಮಾಪಕಕ್ಕೆ ನಮ್ಮಲ್ಲೂ ಸೈಮನ್ಸ್ ಮಾಪಕವೆಂದೇ ಹೆಸರು. ಇದನ್ನು ಹೇಳಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲೂ ಹೆಂಡ್ತಿ ಮಕ್ಕಳು ಬೈತಿದ್ರಂತಾ?”

ಒಮ್ಮೆ ಧೈರ್ಯ ಮಾಡಿ, “ಯಾಕೆ ಅಳೀತೀರಿ ದೊಡ್ಡಪ್ಪ?” ಎಂದು ಕೇಳಿದ್ದೆ.

“ಬೀಳ್ತದಲ್ಲ ಮಾರಾಯ” ಎಂದರು.

ಗುರಿಯಿಟ್ಟುಕೊಂಡು ಬಾಳಿದವರನ್ನು ನಾವು ಹೊಗಳುವಾಗ ಸಾಮಾನ್ಯವಾಗಿ ದೂರದಲ್ಲಿ ನಿಂತಿರುತ್ತೇವೆ. ಫ.ಗು. ಹಳಕಟ್ಟಿಯವರ ವಿಷಯ ಯಾರು ಮಾತಾಡಿದರೂ ಒಂದು ಮಾತು ಬಂದೇ ಬರುತ್ತದೆ: ವಿಜಯಪುರದ ವಕೀಲರು, ತಾಳೆಗರಿಗಳಿಗಾಗಿ ಊರೂರು ಅಲೆದು ವಚನಗಳನ್ನು ಉಳಿಸಿಕೊಟ್ಟರು, ಇದ್ದ ಮನೆ ಮಾರಿ ಮುದ್ರಣಾಲಯ ಹಾಕಿದರು. ಸಭೆ ಚಪ್ಪಾಳೆ ತಟ್ಟುತ್ತದೆ, ನಾನೂ ತಟ್ಟುತ್ತೇನೆ. ಆದರೆ ಮನೆ ಮಾರಿ ಬಂದ ಸಂಜೆ ಆ ಸುದ್ದಿಯನ್ನು ಮನೆಯಲ್ಲಿ ಹೇಗೆ ಹೇಳಿರಬಹುದು? ಕೈಕಾಲು ತೊಳೆದ ಮೇಲೋ, ಊಟಕ್ಕೆ ಕೂತಾಗಲೋ? ಗಳಗನಾಥರು ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಮಾರಿದರು ಎನ್ನುವಾಗಲೂ ನನ್ನ ಮನಸ್ಸು ಅವರ ತಲೆಯನ್ನು ಬಿಟ್ಟು ಅವರ ಮನೆಯ ಅಕ್ಕಿಡಬ್ಬಿಯ ಕಡೆ ಹೋಗುತ್ತದೆ. ಮಾಗಡಿ ಸೀಮೆಯಲ್ಲಿ ಇನ್ನೊಂದು ಹುಲಿಕಲ್ಲಿದೆ. ಅಲ್ಲಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕ ಆಲದ ಸಸಿ ನೆಟ್ಟು ನೀರು ಹೊರುವಾಗ ಗಂಡ ಚಿಕ್ಕಯ್ಯನೂ ಕೊಡ ಹೊತ್ತ. ಅಂಥದ್ದು ಅಪರೂಪ. ಉಳಿದ ಕಡೆಗಳಲ್ಲಿ ಗುರಿ ಒಬ್ಬರದಾದರೆ ಅದರ ಬಾಡಿಗೆ ಕಟ್ಟುವವರು ಇನ್ನೊಬ್ಬರು. ಇದು ನನ್ನ ಗಟ್ಟಿ ಅಭಿಪ್ರಾಯ; ದೊಡ್ಡಮ್ಮನ ಅಡುಗೆಮನೆಯಲ್ಲಿ ಕೂತು ಕಟ್ಟಿಕೊಂಡದ್ದು.

ದೊಡ್ಡಪ್ಪ ಊರಿನಲ್ಲಿಲ್ಲದ ದಿನ ಮಳೆ ಅಳೆಯುತ್ತಿದ್ದವರು ದೊಡ್ಡಮ್ಮ. ಒಲೆಯ ಬೆಂಕಿ ತಗ್ಗಿಸಿ, ಸೆರಗು ತಲೆಗೆ ಹೊದ್ದು ಓಡುತ್ತಿದ್ದರು. ಪುಸ್ತಕದಲ್ಲಿ ತಾರೀಖು, ಇಂಚು, ಸೆಂಟು, ಕೊನೆಯಲ್ಲಿ ಷರಾ ಎಂದು ನಾಲ್ಕು ಕಲಂ. ದೊಡ್ಡಪ್ಪನ ಷರಾಗಳು ‘ಗುಡುಗು ಸಹಿತ’, ‘ಪಶ್ಚಿಮದ ಗಾಳಿ’ ಎಂದು ಇಲಾಖೆಯ ಗಾಂಭೀರ್ಯದಲ್ಲಿವೆ. ದೊಡ್ಡಮ್ಮನ ಓರೆ ಅಕ್ಷರದ ಷರಾಗಳು ಬೇರೆ ಜಾತಿಯವು. ‘ಗೌರಿ ಕರು ಹಾಕಿತು, ಹೆಣ್ಣು.’ ‘ಹಾಲು ಒಡೆಯಿತು.’ ‘ಕರೆಂಟು ಮೂರು ದಿನದಿಂದ ಇಲ್ಲ.’ ಒಂದು ಕಡೆ, ಎಂಟು ಸೆಂಟಿನ ಮುಂದೆ, ಒತ್ತಿ ಬರೆದದ್ದು: ‘ಮಳೆ ಬಂದಿದೆ.’ ಆ ಸಾಲನ್ನು ದೊಡ್ಡಪ್ಪ ಹೊಡೆದುಹಾಕಿಲ್ಲ. ವರ್ಷದ ಕೊನೆಗೆ ಕೂಡಿದ ಮಳೆದಿನಗಳ ಮೊತ್ತಕ್ಕೆ ಆ ದಿನವನ್ನು ಸೇರಿಸಿಯೂ ಇಲ್ಲ. ಅವರ ದಾಂಪತ್ಯದ ಬಗ್ಗೆ ಇದಕ್ಕಿಂತ ಹೆಚ್ಚಿನ ದಾಖಲೆ ನನಗೆ ಸಿಕ್ಕಿಲ್ಲ.

ಆಮೇಲೆ ಗ್ರಾಮ ಪಂಚಾಯ್ತಿಗಳಿಗೆ ಯಂತ್ರ ಬಂತು. ತಾನೇ ಅಳೆದುಕೊಂಡು, ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಸುದ್ದಿ ಕಳಿಸುವಂಥದ್ದು. ಅದಕ್ಕೆ ಕೊಪ್ಪೆ ಬೇಡ, ಎಣಿಕೆ ತಪ್ಪುವುದಿಲ್ಲ, ಕೊಪ್ಪದ ಬಸ್ಸಿನ ಸಮಯ ಅದನ್ನು ಯಾರೂ ಕೇಳುವುದಿಲ್ಲ. ಸುದ್ದಿ ಕೇಳಿ ನಮಗೆಲ್ಲ ಕಳವಳವಾಯಿತು. ಈ ವಯಸ್ಸಿನಲ್ಲಿ ಇದ್ದೊಂದು ಕೆಲಸವೂ ಕೈಬಿಟ್ಟರೆ ಮನುಷ್ಯ ಕುಸಿದುಬಿಡಬಹುದೆಂದು ಅಣ್ಣ ಬೆಂಗಳೂರಿನಿಂದ ದಿನವೂ ಫೋನ್ ಮಾಡಿದ. ದೊಡ್ಡಪ್ಪ ಒಂದು ದಿನ ಕೊಡೆ ಹಿಡಿದು ಪಂಚಾಯ್ತಿಗೆ ಹೋಗಿ, ಯಂತ್ರದ ಸುತ್ತ ಮೂರು ಸುತ್ತು ಬಂದು, ಮನೆಗೆ ಬಂದವರೇ ಸ್ಕೇಲು ಪೆನ್ಸಿಲು ತೆಗೆದು ಪುಸ್ತಕದಲ್ಲಿ ಐದನೆಯ ಕಲಂ ಎಳೆದರು. “ಅದರ ಹತ್ತಿರ ತೆಂಗಿನಮರ ಇದೆ ಮಾರಾಯ. ಎರಡು ಪಟ್ಟು ದೂರ ಇಲ್ಲ” ಎಂದು ನನಗೆ ಫೋನಿನಲ್ಲಿ ಹೇಳುವಾಗ ಅಷ್ಟು ಸಂತೋಷದ ದನಿಯನ್ನು ನಾನು ಅವರಲ್ಲಿ ಕೇಳಿರಲೇ ಇಲ್ಲ. ಅಲ್ಲಿಂದ ಮುಂದೆ ಅವರ ಹೊಣೆ ಇಮ್ಮಡಿಯಾಯಿತು. ಮಳೆಯನ್ನೂ ಕಾಯಬೇಕು, ಯಂತ್ರವನ್ನೂ ಕಾಯಬೇಕು.

ಅವರು ಹೋದದ್ದು ಒಂದು ಆಶ್ಲೇಷಾ ಮಳೆಯಲ್ಲಿ. ನೆಂಟರು, ಕಟ್ಟಿಗೆ, ಪುರೋಹಿತರು ಎಂಬ ಗಡಿಬಿಡಿಯಲ್ಲಿ ಎಂಟೂವರೆ ಬಂದು ಹೋದದ್ದು ಯಾರಿಗೂ ತಿಳಿಯಲಿಲ್ಲ. ನೆನಪಾಗಿ ನೋಡುವ ಹೊತ್ತಿಗೆ ಡಬ್ಬಿ ತುಂಬಿ ಹೊರಚೆಲ್ಲಿತ್ತು. ಪುಸ್ತಕಗಳನ್ನು ಅಣ್ಣ ಬೆಂಗಳೂರಿಗೆ ಒಯ್ದಿದ್ದಾನೆ. ಹವಾಮಾನ ಹೇಗೆ ಬದಲಾಗಿದೆ ಎಂದು ನೋಡುವವರಿಗೆ ಇಂಥ ಹಳೆಯ ಲೆಕ್ಕ ಬಹಳ ಬೇಕಂತೆ. ಕೊಡುತ್ತೇನೆ ಎನ್ನುತ್ತಾನೆ, ಗೌರಿ ಕರು ಹಾಕಿದ್ದನ್ನು ವಿಜ್ಞಾನಿಗಳು ಯಾವ ಕಲಮಿಗೆ ಹಾಕುತ್ತಾರೋ ಗೊತ್ತಿಲ್ಲ.

ಮೊನ್ನೆ ಊರಿಗೆ ಹೋದಾಗ ಚೀಲದಲ್ಲಿದ್ದ ಆ ವೃತ್ತಗಳ ಹಾಳೆಯನ್ನು ದೊಡ್ಡಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದರು. “ಇದೆಂತದು, ದೋಸೆಯ ಮೇಲೆ ದೋಸೆ ಹೊಯ್ದಿದ್ದಾರೆ? ಎಬ್ಬಿಸೋಕೆ ಬರೋದಿಲ್ಲ ಇದು” ಎಂದು ವಾಪಸು ಕೊಟ್ಟರು. ನಿಮ್ಮ ಗುರಿ ಏನಿತ್ತು ದೊಡ್ಡಮ್ಮ ಎಂದು ಕೇಳುವುದಕ್ಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅಣ್ಣನ ಮಗ ಕೆಮ್ಮುತ್ತ ಒಳಗೆ ಬಂದ, ಅವರು ಎದ್ದು ಒಲೆಯ ಹತ್ತಿರ ಹೋದರು. ಕಾಳುಮೆಣಸು, ಶುಂಠಿ, ಬೆಲ್ಲ ಕುದಿಸಿ ಸೋಸಿ, ಗೂಡಿನಿಂದ ಆ ಸಪೂರ ಗ್ಲಾಸನ್ನು ತೆಗೆದು, ಕಣ್ಣಿನ ಮಟ್ಟಕ್ಕೆ ಹಿಡಿದು ಹೊಯ್ದರು. “ಇಪ್ಪತ್ತು ಸೆಂಟು. ಪೂರ್ತಿ ಕುಡಿ.”

ಹುಡುಗ ಒಂದು ಗುಟುಕು ಹೀರಿ, ಮುಖ ಕಿವಿಚಿ, ಸಾಕು ಎಂದು ಗ್ಲಾಸು ಕೆಳಗಿಟ್ಟ. ದೊಡ್ಡಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದು ಗೀಟು ನೋಡಿದರು.

“ಆರು ಸೆಂಟೂ ಹೋಗಿಲ್ಲ. ಹತ್ತಕ್ಕೆ ಕಡಿಮೆಯಾದ್ರೆ ಲೆಕ್ಕಕ್ಕೆ ಸೇರೋದಿಲ್ಲ ಮಗಾ” ಎಂದು ಗ್ಲಾಸನ್ನು ಮತ್ತೆ ಅವನ ಕೈಗೆ ಕೊಟ್ಟರು.