ಏರುದಾರಿಯ ಯೋಜನೆ



‘ಯೋಜನ’ ಎಂಬುದು ಪ್ರಾಚೀನ ಕಾಲದ ದೂರದ ಅಳತೆ. ‘ಯೋಜನೆ’ ಎಂಬುದು ಮಾಡಬೇಕಾದ ಕಾರ್ಯದ ಪೂರ್ವಚಿಂತನೆ. ಎರಡಕ್ಕೂ ಮೂಲ ‘ಯುಜ್’ ಎಂಬ ಧಾತು. ಕೂಡಿಸು, ನೊಗಕ್ಕೆ ಹೂಡು ಎಂಬುದು ಅದರ ಅರ್ಥ. ಎಂ.ಎ. ತರಗತಿಯಲ್ಲಿ ಕಂಠಪಾಠ ಮಾಡಿದ್ದ ಈ ಮಾತಿನ ತಿರುಳು ನನಗೆ ತಿಳಿದದ್ದು ಬಹಳ ತಡವಾಗಿ, ಸೈಕಲ್ಲಿನ ನೆಪದಲ್ಲಿ.

ಶ್ರೀಲಂಕೆಯ ನಡುವಣ ಬೆಟ್ಟಸೀಮೆಯನ್ನು ಸೈಕಲ್ ಮೇಲೆ ನೋಡಬೇಕೆಂಬುದು ನನ್ನ ಮತ್ತು ಅಣ್ಣನ ಬಹುದಿನದ ಬಯಕೆ. ಬಾಲ್ಯದಲ್ಲಿ ಸೀಟಿನ ಹಿಂಬದಿ ಹಿಡಿದು ಓಡುತ್ತ ನನಗೆ ಸೈಕಲ್ ಕಲಿಸಿದವನು ಅವನೇ. ಮೂರು ವರ್ಷಗಳ ಹಿಂದೆ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಬೇಕಾಯಿತು. ಏದುಸಿರು ಬಾರದಂತೆ ನಿಧಾನವಾಗಿ ತುಳಿಯಬಹುದೆಂದು ವೈದ್ಯರು ಒಪ್ಪಿಗೆಯಿತ್ತ ಮೇಲೆ ಆ ಬಯಕೆ ಮತ್ತೆ ಚಿಗುರಿತು.

ನಾನು ನಕ್ಷೆ ಹರಡಿ ಕುಳಿತೆ. ಕ್ಯಾಂಡಿ ನಗರ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ನುವರ ಎಲಿಯ 1,868 ಮೀಟರ್. ನಡುವಿನ ದಾರಿ 80 ಕಿ.ಮೀ.ಗೂ ಕಡಿಮೆ. ನಮ್ಮ ಬಯಲುಸೀಮೆಯಲ್ಲಿ ಅದು ಒಂದು ಬೆಳಗಿನ ಕೆಲಸ. ಒಂದೇ ದಿನದಲ್ಲಿ ಏರಿಬಿಡೋಣವೆಂದು ಬರೆದು ಅಣ್ಣನ ಮುಂದಿಟ್ಟೆ. ಅವನು ಬಹಳ ಹೊತ್ತು ಹಾಳೆಯನ್ನು ನೋಡಿ ಒಂದೇ ಮಾತು ಕೇಳಿದ: “ಇದರಲ್ಲಿ ನಾನು ಎಲ್ಲಿ ನಿಲ್ಲಬೇಕು?”

ನನ್ನಲ್ಲಿ ಉತ್ತರವಿರಲಿಲ್ಲ. ನನ್ನೊಬ್ಬನ ಕಾಲಿನ ಬಲವನ್ನು ನಂಬಿ ಬರೆದ ಹಾಳೆಯದು. ದೂರವನ್ನು ಅಳೆದಿದ್ದೆ, ಏರನ್ನು ಅಳೆದಿರಲಿಲ್ಲ, ಜೊತೆಗಾರನ ಉಸಿರನ್ನಂತೂ ನೆನೆದೇ ಇರಲಿಲ್ಲ. ಅಂದು ರಾತ್ರಿ ಧಾತುವಿನ ಅರ್ಥ ನೆನಪಾಗಿ ನಾಚಿಕೆಯಾಯಿತು. ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳಲ್ಲಿ ಒಂದು ಮುಂದೋಡಿದರೆ ಬಂಡಿ ಸಾಗುವುದಿಲ್ಲ.

ಹೊಸ ಹಾಳೆ ತೆಗೆದೆ. ಪೆರಾದೆನಿಯ, ಗಂಪೊಲ ದಾಟಿ ಪುಸ್ಸೆಲ್ಲಾವದಲ್ಲಿ ಮೊದಲ ತಂಗು. ಮರುದಿನ ರಂಬೊಡದ ತಿರುವುಗಳನ್ನು, ಚಹಾತೋಟಗಳ ನಡುವಿನ ಏರನ್ನು ಹತ್ತಿ ನುವರ ಎಲಿಯ. ಅಲ್ಲಿ ಒಂದು ದಿನ ಪೂರ್ಣ ವಿಶ್ರಾಂತಿ. ಬಳಿಕ ಹಕ್ಗಲ, ವೆಲಿಮಡ, ಬಂಡಾರವೆಲ ಮಾರ್ಗವಾಗಿ ಇಳಿಯುತ್ತ, ನಡುನಡುವೆ ಏರುತ್ತ ಎಲ್ಲ. ಕೊನೆಯದು ರಾವಣ ಜಲಪಾತದ ಬದಿಯಿಂದ ವೆಲ್ಲವಾಯಕ್ಕೆ ಇಳಿಯುವ ಕಡಿದಾದ ದಾರಿ. ಇಳಿತ ಸುಲಭವೆಂಬುದು ಭ್ರಮೆ. ಬ್ರೇಕನ್ನು ಹಿಡಿದೇ ಇದ್ದರೆ ಚಕ್ರದ ಅಂಚು ಕಾಯುತ್ತದೆ, ಕೈ ಮರಗಟ್ಟುತ್ತದೆ. ಅಲ್ಲಿಯೂ ನಿಲ್ದಾಣಗಳನ್ನು ಗುರುತಿಸಿದೆ. ಪ್ರತಿ ಘಟ್ಟಕ್ಕೂ, ದಣಿವಾದರೆ ಸೈಕಲ್ ಹೇರಿಕೊಂಡು ಹೋಗಲು ವಾಹನದ ಏರ್ಪಾಡನ್ನೂ ಬರೆದೆ.

ಸಿದ್ಧತೆ ನಡೆದಿರುವಾಗಲೇ, 2025ರ ನವೆಂಬರ್ ಕೊನೆಯಲ್ಲಿ, ದಿತ್ವಾ ಚಂಡಮಾರುತ ಆ ದ್ವೀಪವನ್ನು ಅಪ್ಪಳಿಸಿತು. ಕ್ಯಾಂಡಿ, ನುವರ ಎಲಿಯ, ಬದುಲ್ಲ ಜಿಲ್ಲೆಗಳಲ್ಲಿ ಗುಡ್ಡಗಳು ಕುಸಿದವು. ದೇಶದಲ್ಲಿ ನೂರಾರು ಜೀವಗಳು ಹೋದವು. ನಾವು ಬೆರಳಿಟ್ಟು ಗುರುತಿಸಿದ್ದ ಊರುಗಳ ಹೆಸರನ್ನೇ ವಾರ್ತೆಯಲ್ಲಿ ಕೇಳಿದಾಗ ಎದೆ ಭಾರವಾಯಿತು. ಬೇರೆ ದಾರಿ ಹುಡುಕಲು ನಾನು ಹೊರಟೆ. ಅಣ್ಣ ತಡೆದ: “ಅವರು ಮೊದಲು ಮನೆ ಕಟ್ಟಿಕೊಳ್ಳಲಿ. ನಾವು ಆಮೇಲೆ ಹೋಗೋಣ.”

ಆ ದಾರಿಯ ಜನರೂ ನಮ್ಮ ಯೋಜನೆಯೊಳಗೆ ಕೂಡಿರಬೇಕೆಂಬುದು ಅವನಿಗೆ ನನಗಿಂತ ಮೊದಲು ಹೊಳೆದಿತ್ತು.

ಹಾಳೆಯಲ್ಲಿ ಈಗ ಹೊರಡುವ ದಿನಾಂಕದ ಜಾಗ ಖಾಲಿಯಿದೆ. ನಿಲ್ಲುವ ಸ್ಥಳಗಳು ಮಾತ್ರ ತುಂಬಿವೆ. ಆ ದೇಶದ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನೀಡುವ ಭೂಕುಸಿತದ ಮುನ್ನೆಚ್ಚರಿಕೆಯನ್ನು ದಿನವೂ ಬೆಳಿಗ್ಗೆ ನೋಡತಕ್ಕದ್ದು ಎಂಬ ಸಾಲೂ ಸೇರಿದೆ. ಸಂಜೆ ಊರಾಚೆಯ ದಿಬ್ಬದವರೆಗೆ ಇಬ್ಬರೂ ಸೈಕಲ್ ತುಳಿಯುತ್ತೇವೆ. ಅಣ್ಣ ಮುಂದೆ, ನಾನು ಹಿಂದೆ. ಅವನು ನಿಂತಲ್ಲಿ ನಾನೂ ನಿಲ್ಲುತ್ತೇನೆ.