ಡಿಯೋಡರೆಂಟ್ ಡಬ್ಬಿಯ ಟ್ಯಾಂಕು

'ವಾರ್‌ಹ್ಯಾಮರ್ 40,000' ಅನ್ನೋ ಗೊಂಬೆಗಳ ಯುದ್ಧದಾಟ 1987ರಲ್ಲಿ ಇಂಗ್ಲೆಂಡಲ್ಲಿ ಶುರುವಾದಾಗ ಅದಕ್ಕೆ ಟ್ಯಾಂಕು ಸಿಗ್ತಿದ್ದದ್ದೇ ಅಪರೂಪ. ಆಗೆಲ್ಲ 'ವೈಟ್ ಡ್ವಾರ್ಫ್' ಪತ್ರಿಕೆ ಖಾಲಿ ಡಿಯೋಡರೆಂಟ್ ಡಬ್ಬಿಯಲ್ಲಿ ತೇಲುವ ಟ್ಯಾಂಕು ಮಾಡೋದನ್ನ ಹೇಳಿಕೊಟ್ಟಿತ್ತು ನೋಡಿ!

ಈಗ ಎಲ್ಲಾ ರೆಡಿಮೇಡು. ಆದ್ರೂ ನಮ್ಮಂಥವರಿಗೆ ಒಬ್ಬನ ತಲೆ ಇನ್ನೊಬ್ಬನಿಗೆ ಅಂಟಿಸದಿದ್ರೆ ಸಮಾಧಾನ ಇಲ್ಲ. ಸಂದಿ ಮುಚ್ಚೋಕೆ 'ಗ್ರೀನ್ ಸ್ಟಫ್': ಹಳದಿ, ನೀಲಿ ಎಪಾಕ್ಸಿ ಕಲಸಿದ್ರೆ ಹಸಿರು. (ನಲ್ಲಿಗೆ ಮೆತ್ತೋ ಎಂ-ಸೀಲ್‌ನ ದಾಯಾದಿ ಅನ್ನಿ.) ಬೆರಳು ಒದ್ದೆ ಮಾಡ್ಕೊಳ್ಳಿ, ಇಲ್ದಿದ್ರೆ ಕೈಗೇ ಅಂಟುತ್ತೆ.

ಈ ಉಪಾಯ ಹೇಳಿಕೊಟ್ಟ ಗೆಳೆಯ ಆಟ ಬಿಟ್ಟಾಗ ತನ್ನ ಹಳೇ ಸೀಸದ ಸೈನಿಕರನ್ನೆಲ್ಲ ನನಗೇ ಕೊಟ್ಟ. ಅವರಲ್ಲಿ ಒಬ್ಬನಿಗೆ ಯಂತ್ರದ ಕೈ ಕೂರಿಸೋ ಆಸೆ. ಅದಕ್ಕೆ ಮೊದಲು ಇರೋ ಕೈ ಕೊಯ್ಯಬೇಕಲ್ಲ.. ಬಣ್ಣ ಹಚ್ಚಿದ್ದು ಅವನು.

"ಕೊಯ್ಯೋ ಮಾರಾಯ, ಆಡೋಕೆ ತಾನೇ ಕೊಟ್ಟಿದ್ದು" ಅಂತಾನೆ ಫೋನಲ್ಲಿ. ಗರಗಸದ ಬ್ಲೇಡ್ ತಂದು ಮೂರು ವಾರ ಆಯ್ತು.