ಹವಾಲ್ದಾರನ ಅರ್ಜಿ

ಮಾಸ್ತರಿಕೆಯಿಂದ ನಿವೃತ್ತನಾದವನಿಗೆ ಒಂದು ವಿಶೇಷ ಸುಖವುಂಟು. ಪೇಟೆಯಲ್ಲಿ, ಬಸ್ಸಿನಲ್ಲಿ, ಪೇಢೆಯ ಅಂಗಡಿಯ ಮುಂದಿನ ಸಾಲಿನಲ್ಲಿ ಯಾರಾದರೊಬ್ಬರು ‘ಸರ, ನನ್ನ ಗುರ್ತು ಸಿಕ್ತೇನ್ರಿ?’ ಎಂದು ಕೇಳುತ್ತಲೇ ಇರುತ್ತಾರೆ. ಸಿಗದಿದ್ದರೂ ಸಿಕ್ಕಿತೆಂದು ತಲೆಯಾಡಿಸುವ ಕಲೆಯನ್ನು ನಾನು ಬಹಳ ಹಿಂದೆಯೇ ಸಾಧಿಸಿಕೊಂಡಿದ್ದೇನೆ. ಆದರೆ 2022ರ ಶ್ರಾವಣದ ಒಂದು ಸಂಜೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನೆನೆದು ನಮ್ಮ ಮನೆಯ ಬಾಗಿಲಲ್ಲಿ ಬಂದು ನಿಂತವನನ್ನು ಗುರುತಿಸಲು ಆ ಕಲೆ ಬೇಕಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು, ನಾನು ಸಂಧಿ ಸಮಾಸ ಹೇಳುತ್ತಿರುವಾಗ ಕೆಟ್ಟುಹೋದ ರೇಡಿಯೋ ಬಿಚ್ಚುತ್ತಿದ್ದ ಹುಡುಗ ಅವನು. ನವಲಗುಂದದ ಕಡೆಯ ಎರಿಹೊಲದ ರೈತನ ಮಗ. ಒಮ್ಮೆ ಆ ರೇಡಿಯೋ ಕಸಿದುಕೊಂಡು ಮೇಜಿನ ಮೇಲೆ ಇಟ್ಟಿದ್ದೆ. ಪಾಠ ಮುಗಿಯುವ ಹೊತ್ತಿಗೆ ಅದು ತಾನಾಗಿಯೇ ಹಾಡತೊಡಗಿ ಇಡೀ ತರಗತಿ ನಕ್ಕಿತ್ತು.

‘ಒಳಗ ಬಾ ತಮ್ಮಾ, ಕೂಡು’ ಎಂದೆ. ಕೂಡೆಂದು ಎರಡನೆಯ ಸಲ ಹೇಳುವವರೆಗೆ ಅವನು ನೆಟ್ಟಗೆ ನಿಂತೇ ಇದ್ದ. ಹದಿನೇಳು ವರ್ಷ ಸೇನೆಯಲ್ಲಿದ್ದು, ಹವಾಲ್ದಾರನಾಗಿ, ಪಿಂಚಣಿ ಪಡೆದು ಆಗತಾನೆ ಊರಿಗೆ ಮರಳಿದ್ದ. ವಯಸ್ಸು ಮೂವತ್ತಾರು. ನಾನು ಅರವತ್ತಕ್ಕೆ ನಿವೃತ್ತನಾದೆ, ಅವನೂ ನಿವೃತ್ತ. ಇಬ್ಬರಿಗೂ ಒಂದೇ ಶಬ್ದ. ಆದರೆ ನನ್ನ ಮಕ್ಕಳು ಉದ್ಯೋಗಸ್ಥರಾಗಿದ್ದರು, ಅವನ ಮಗಳು ಇನ್ನೂ ಮೂರನೆಯ ಇಯತ್ತೆಯಲ್ಲಿದ್ದಳು.

ಅವನು ಇದ್ದದ್ದು ಸಿಗ್ನಲ್ಸ್ ದಳದಲ್ಲಿ. 1911ರ ಫೆಬ್ರುವರಿ 15ರಂದು ಆರಂಭವಾದ ಈ ದಳದ ಕೆಲಸ, ಸೇನೆಯ ಮಾತನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತಲುಪಿಸುವುದು. ಹಿಂದೆ ಅದು ತಂತಿಯಿಂದ, ಮೋರ್ಸ್ ಸಂಕೇತದಿಂದ, ಆಮೇಲೆ ರೇಡಿಯೋದಿಂದ ನಡೆಯುತ್ತಿತ್ತು. ಈಗ ಅದರ ಬಹುಭಾಗ ಗಣಕಯಂತ್ರಗಳ ಜಾಲವೇ ಆಗಿದೆ. ಜಬಲ್ಪುರದಲ್ಲಿ ತರಬೇತಿ ಪಡೆದ ನನ್ನ ಶಿಷ್ಯ ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಗಳನ್ನು ವಿದ್ಯುತ್ ಕಿಡಿಯಿಂದ ಬೆಸೆಯುವುದನ್ನು ಬಲ್ಲ. ಸರ್ವರು, ರೂಟರು, ಸ್ವಿಚ್ಚುಗಳನ್ನು ಬಲ್ಲ. ಮಧ್ಯರಾತ್ರಿ ಸಂಪರ್ಕ ಕಡಿದರೆ ಬೆಳಗಾಗುವುದರೊಳಗೆ ಕೂಡಿಸಲೂ ಬಲ್ಲ. ಆದರೆ ಅದನ್ನು ಹೊರಗಿನವರಿಗೆ ಹೇಳಲು ಬಲ್ಲವನಾಗಿರಲಿಲ್ಲ.

ಅಂದು ಅವನು ಹೇಳಿದ ಸಂಗತಿ ಇದು. ಹುಬ್ಬಳ್ಳಿಯ ಒಂದು ಕಂಪನಿಗೆ ಅರ್ಜಿ ಹಾಕಿದ್ದ. ‘ನಿಮಗೆ ಸೆಕ್ಯುರಿಟಿ ವಿಭಾಗದಲ್ಲಿ ಅವಕಾಶವಿದೆ, ಬನ್ನಿ’ ಎಂದು ದೂರವಾಣಿ ಬಂತು. ಜಾಲದ ಸುರಕ್ಷತೆಯ ಕೆಲಸವೆಂದು ಇವನು ತಿಳಿದ. ರಾತ್ರಿಯೆಲ್ಲ ಹಳೆಯ ಟಿಪ್ಪಣಿಗಳನ್ನು ಓದಿಕೊಂಡ. ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಬಿಳಿಯ ಅಂಗಿ ತೊಟ್ಟು ಹೋದ.

‘ಹೋದ ಮ್ಯಾಲೆ ಎದಿ ಅಳತಿ, ಎತ್ತರ ಕೇಳಿದ್ರರಿ ಸರ. ಗೇಟಿನ ಕೆಲಸಾರಿ ಅದು.’

ಅವನು ನಕ್ಕ. ನನಗೆ ನಗಲಾಗಲಿಲ್ಲ. ಗೇಟು ಕಾಯುವುದು ಕೀಳೆಂದು ಅವನೂ ಹೇಳಲಿಲ್ಲ, ನಾನೂ ಹೇಳಲಾರೆ. ನಮ್ಮದೇ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ 2016ರಲ್ಲಿ ಸಿಯಾಚಿನ್ನಿನ ಹಿಮದಡಿ ಆರು ದಿನ ಹೂತುಹೋಗಿ, ಜೀವಂತವಾಗಿ ಸಿಕ್ಕು, ಫೆಬ್ರುವರಿ 11ರಂದು ದಿಲ್ಲಿಯಲ್ಲಿ ಕಣ್ಣುಮುಚ್ಚಿದರು. ಕಾಯುವ ಕೆಲಸದಲ್ಲಿಯೇ ಪ್ರಾಣ ಕೊಟ್ಟವರ ನಾಡಿನಲ್ಲಿ ಕಾವಲನ್ನು ಹಗುರವಾಗಿ ಎಣಿಸುವವನು ಮೂಢ. ನನ್ನನ್ನು ಕಲಕಿದ್ದು ಬೇರೆಯ ಮಾತು. ಮೂವತ್ತಾರು ವರ್ಷದವನ ಕೈಯಲ್ಲಿ ಒಂದು ವಿದ್ಯೆಯಿದ್ದು, ಎದುರಿಗಿದ್ದವರಿಗೆ ಅವನ ಎದೆಯ ಸುತ್ತಳತೆ ಮಾತ್ರ ಕಂಡಿತಲ್ಲ!

‘ನೀ ಕೊಟ್ಟ ಅರ್ಜಿ ತೋರಸು’ ಎಂದೆ.

ಅರ್ಜಿ ಒಂದು ಪುಟದ್ದು. ಹೆಸರು, ಸೈನ್ಯದ ಸಂಖ್ಯೆ, ದರ್ಜೆ, ಪದಕಗಳು, ‘ನಡತೆ: ಆದರ್ಶಪ್ರಾಯ’ ಎಂಬ ಒಂದು ಸಾಲು. ಹದಿನೇಳು ವರ್ಷ ಏನು ಮಾಡಿದನೆಂಬುದಕ್ಕೆ ಒಂದು ಕ್ರಿಯಾಪದವೂ ಇಲ್ಲ. ಕನ್ನಡ ಮಾಸ್ತರನ ಕಣ್ಣಿಗೆ ಮೊದಲು ಬೀಳುವುದು ಅದೇ. ಗಣಕಯಂತ್ರದ ವಿಷಯದಲ್ಲಿ ನಾನು ನಿರಕ್ಷರಿ. ಮೊಮ್ಮಗ ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟರೆ ಮಾತ್ರ ಓದಬಲ್ಲವನು. ಆದರೆ ಕ್ರಿಯಾಪದವಿಲ್ಲದ ವಾಕ್ಯದ ರೋಗವನ್ನು ಮೂವತ್ತು ವರ್ಷ ಚಿಕಿತ್ಸೆ ಮಾಡಿದವನಲ್ಲವೆ!

‘ಅಲ್ಲಿ ಏನ್ ಮಾಡ್ತಿದ್ದಿ?’

‘ಡ್ಯೂಟಿ ಮಾಡ್ತಿದ್ದೆರಿ.’

‘ಡ್ಯೂಟಿ ಅಂದ್ರ?’

ಬಹಳ ಹೊತ್ತು ಸುಮ್ಮನಿದ್ದು, ಒಂದು ರಾತ್ರಿಯ ಕಥೆ ಹೇಳಿದ. ಸ್ಥಳದ ಹೆಸರು ಹೇಳಲಿಲ್ಲ, ಉಪಕರಣದ ಹೆಸರನ್ನೂ ಹೇಳಲಿಲ್ಲ, ಹೇಳುವಂತಿಲ್ಲ. ಸೈನಿಕನ ಅರ್ಜಿಯಲ್ಲಿ ಹೀಗೊಂದು ವಿಚಿತ್ರ ತೊಡಕುಂಟು: ಉಳಿದವರು ತಮ್ಮ ದೊಡ್ಡ ಕೆಲಸವನ್ನೇ ಮೊದಲು ಬರೆದುಕೊಳ್ಳುವಾಗ, ಇವನು ಅದನ್ನೇ ಮರೆಮಾಚಬೇಕು. ಎತ್ತರದ ಹಿಮದ ನೆಲೆ. ಆ ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಂದುತ್ತದೆ, ಜನರೇಟರಿನ ಎಣ್ಣೆ ಗಟ್ಟಿಯಾಗುತ್ತದೆ, ಕೇಬಲಿನ ಮೇಲುಹೊದಿಕೆ ಪೆಡಸಾಗಿ ಸೀಳುತ್ತದೆ. ರಾತ್ರಿ ಸಂಪರ್ಕ ಕಡಿಯಿತು. ಮುಂದಿನ ಠಾಣೆಯಲ್ಲಿ ಒಬ್ಬನಿಗೆ ಉಸಿರಾಟದ ತೊಂದರೆ. ಹೆಲಿಕಾಪ್ಟರು ಕರೆಯಬೇಕಾದರೆ ಮಾತು ಹೋಗಬೇಕು. ದೋಷ ಇಲ್ಲಿದೆಯೋ ಅಲ್ಲಿದೆಯೋ ಎಂದು ಒಂದೊಂದು ತುಂಡನ್ನೂ ಪರೀಕ್ಷಿಸುತ್ತ ಹೋಗಿ ನಸುಕಿನ ಹೊತ್ತಿಗೆ ಹುಡುಕಿ ಕೂಡಿಸಿದರು. ಆ ಜವಾನ ಬದುಕಿದ.

‘ಹೀಂಗ ಬರಿ ಮತ್ತ! “ನಾನು ದೋಷವನ್ನು ಕಂಡುಹಿಡಿದು ಸರಿಪಡಿಸಿದೆನು” ಅಂತ ಬರಿ’ ಎಂದೆ.

ಅವನು ಲೇಖನಿ ಕೆಳಗಿಟ್ಟ. ‘ನಾನು ಅಂತ ಹೆಂಗ ಬರೀಲಿರಿ ಸರ? ಟಾರ್ಚ್ ಹಿಡದಾವ ಬ್ಯಾರೆ, ಹಗ್ಗಾ ಹಿಡದಾವ ಬ್ಯಾರೆ. ನಾವು ಮಾಡಿದ್ವಿರಿ.’

ಉತ್ತಮ ಪುರುಷ ಏಕವಚನ, ಬಹುವಚನಗಳ ವ್ಯತ್ಯಾಸವನ್ನು ನಾನು ಕಪ್ಪುಹಲಗೆಯ ಮೇಲೆ ನೂರಾರು ಸಲ ಬರೆದಿದ್ದೇನೆ. ಅದು ಇಷ್ಟು ಭಾರವಾದ ವ್ಯತ್ಯಾಸವೆಂದು ನನಗೆ ಆ ಸಂಜೆಯವರೆಗೆ ಹೊಳೆದಿರಲಿಲ್ಲ. ಸೇನೆ ಅವನಿಗೆ ಹದಿನೇಳು ವರ್ಷ ‘ನಾವು’ ಎನ್ನುವುದನ್ನು ಕಲಿಸಿತ್ತು. ಹೊರಗಿನ ಉದ್ಯೋಗಪೇಟೆ ಮೊದಲ ಪ್ರಶ್ನೆಯಲ್ಲೇ ‘ನೀನು ಏನು ಮಾಡಿದೆ?’ ಎಂದು ಕೇಳುತ್ತದೆ. ಸುಳ್ಳು ಬರೆಸುವ ಮನಸ್ಸು ನನಗೂ ಇರಲಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು: ಅವನ ಸ್ವಂತ ಕೈ ಏನು ಮಾಡಿತೋ ಅಷ್ಟನ್ನು ಮಾತ್ರ ‘ನಾನು’ ಎಂದು ಬರೆಯುವುದು. ‘ಪರೀಕ್ಷಿಸಿದೆನು, ಬೆಸೆದೆನು, ಹನ್ನೆರಡು ಜನರಿಗೆ ಕಲಿಸಿದೆನು’—ಹೀಗೆ. ಮೂರು ಸಂಜೆ ಕುಳಿತೆವು. ಒಂದು ಪುಟ ಎರಡಾಯಿತು. ಅವನ ಹೆಂಡತಿ ಅದನ್ನು ಓದಿ, ಗಂಡನ ಕೆಲಸ ಇಂಥದೆಂದು ತನಗೆ ತಿಳಿದದ್ದು ಅದೇ ಮೊದಲೆಂದಳಂತೆ.

ಸರಕಾರ ಕೈಕಟ್ಟಿ ಕುಳಿತಿದೆಯೆಂದು ಯಾರೂ ತಿಳಿಯಬಾರದು. ಕೇಂದ್ರದ ಗ್ರೂಪ್ ‘ಸಿ’ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇಕಡಾ 10ರಷ್ಟು ಮೀಸಲಾತಿಯುಂಟು. ಪುನರ್ವಸತಿಗಾಗಿ ದಿಲ್ಲಿಯಲ್ಲಿ ಮಹಾನಿರ್ದೇಶನಾಲಯವುಂಟು, ನಿವೃತ್ತಿಗೆ ಮೊದಲು ತರಬೇತಿಗಳುಂಟು, ಜಿಲ್ಲೆಗಳಲ್ಲಿ ಸೈನಿಕ ಕಲ್ಯಾಣ ಕಚೇರಿಗಳುಂಟು. ಆದರೆ ಖಾಸಗಿ ಕಂಪನಿಯ ಮೇಜಿನ ಆಚೆ ಕುಳಿತವನಿಗೆ ಹವಾಲ್ದಾರನೆಂದರೇನು, ಸುಬೇದಾರನೆಂದರೇನು ಎಂಬುದೇ ತಿಳಿಯದು. ಅವನದೂ ತಪ್ಪಲ್ಲ.

ಮುಂದೆ ಅವನು ಹುಬ್ಬಳ್ಳಿಯ ಒಂದು ತರಬೇತಿ ವರ್ಗಕ್ಕೆ ಸೇರಿದ. ಸೇನೆಯ ಜಾಲ ಹೊರಗಿನ ಅಂತರ್ಜಾಲದಿಂದ ಬೇರೆಯಾಗಿಯೇ ಇರತಕ್ಕದ್ದು; ಆದ್ದರಿಂದ ಹೊರಗಿನ ರೂಢಿಗಳನ್ನು, ‘ಕ್ಲೌಡ್’ ಎಂದು ಕರೆಯುವ ಬಾಡಿಗೆ ಗಣಕಗಳನ್ನು ಹೊಸದಾಗಿ ಕಲಿಯಬೇಕಿತ್ತು. ಇಪ್ಪತ್ತೊಂದರ ಹುಡುಗರು ‘ಅಂಕಲ್’ ಎನ್ನುತ್ತಿದ್ದರಂತೆ. ಸಿಸ್ಕೊ ಕಂಪನಿಯ ಒಂದು ಪರೀಕ್ಷೆ ಕೊಟ್ಟು ಉತ್ತೀರ್ಣನಾದ. ಆ ಪ್ರಮಾಣಪತ್ರದ ಆಯುಷ್ಯ ಮೂರೇ ವರ್ಷ, ಆಮೇಲೆ ಹೊಸದಾಗಿಸಿಕೊಳ್ಳಬೇಕು. ನನ್ನ ಎಂ.ಎ. ಪದವಿಗೆ ಇಂಥ ನಿಯಮವಿದ್ದಿದ್ದರೆ ಎಷ್ಟು ಸಲ ಹಳಗನ್ನಡದಲ್ಲಿ ನಪಾಸಾಗುತ್ತಿದ್ದೆನೋ, ಭಗವಂತನೇ ಬಲ್ಲ.

ಕಲಿತದ್ದನ್ನು ನನಗೆ ಒಪ್ಪಿಸುವುದು ಅವನ ಅಭ್ಯಾಸವಾಯಿತು. ‘ರೂಟರ್ ಅಂದ್ರ ನಮ್ಮ ಹುಬ್ಬಳ್ಳಿ ಜಂಕ್ಷನ್ ಇದ್ದಂಗರಿ’ ಎಂದು ಆರಂಭಿಸಿದ. ಒಂದು ಪತ್ರವನ್ನು ಕಳುಹಿಸಿದರೆ ಅದು ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ಡಬ್ಬಿಗಳಾಗಿ ಒಡೆಯುತ್ತದೆ. ಪ್ರತಿ ಡಬ್ಬಿಯ ಮೇಲೂ ವಿಳಾಸ, ಕ್ರಮಸಂಖ್ಯೆ. ಹಾವೇರಿಯ ಹಾದಿ ತುಂಬಿದ್ದರೆ ಕೆಲವು ಡಬ್ಬಿಗಳು ಗದಗ, ಬಳ್ಳಾರಿ ಸುತ್ತಿಕೊಂಡಾದರೂ ಬೆಂಗಳೂರಿಗೆ ಹೋಗುತ್ತವೆ. ಅಲ್ಲಿ ಸಂಖ್ಯೆಯ ಪ್ರಕಾರ ಮತ್ತೆ ಜೋಡಿಸಿಕೊಂಡು ಪತ್ರವಾಗುತ್ತವೆ. ಒಂದು ಹಳಿ ಕಿತ್ತುಹೋದರೂ ಮಾತು ನಿಲ್ಲಬಾರದೆಂಬುದು ಇದರ ತಿರುಳು. ನಾನು ಇಷ್ಟು ಸಲೀಸಾಗಿ ಸಮಾಸವನ್ನು ಬಿಡಿಸಿದ್ದೆನೋ ಇಲ್ಲವೋ!

ಈ ಜಾಲದ ಚರಿತ್ರೆಯನ್ನೂ ಅವನೇ ಹೇಳಿದ. 1946ರಲ್ಲಿ ಜನರೆದುರು ಬಂದ ಎನಿಯಾಕ್ ಎಂಬ ಗಣಕವನ್ನು ಕಟ್ಟಿಸಿದ್ದು ಅಮೆರಿಕದ ಸೇನೆ, ಫಿರಂಗಿ ಗುಂಡಿನ ಪಥವನ್ನು ಲೆಕ್ಕ ಹಾಕಲು. 1969ರ ಅರ್ಪಾನೆಟ್ ಹುಟ್ಟಿದ್ದು ಆ ದೇಶದ ರಕ್ಷಣಾ ಇಲಾಖೆಯ ಹಣದಿಂದ. ಅದರ ಸಂತತಿಯೇ ಇಂದಿನ ಅಂತರ್ಜಾಲ. ನಮ್ಮ ದೇಶದ ಸಾರ್ವಜನಿಕರಿಗೆ ಅದು ತೆರೆದದ್ದು 1995ರ ಆಗಸ್ಟ್ 15ರಂದು. ‘ಅಂದ್ರ ನಿನ್ನಂಗ ಅದೂ ಮಿಲಿಟರಿಯಿಂದ ಪೆನ್ಶನ್ ತಗೊಂಡು ಬಂದದ್ದ ಅನ್ನು’ ಎಂದೆ. ‘ಹೌದ್ರಿ ಸರ, ಅದಕ್ಕ ಮಾತ್ರ ಲಗೂನ ನೌಕರಿ ಸಿಕ್ತ ನೋಡ್ರಿ’ ಎಂದ.

ಅವನಿಗೆ ಸಿಕ್ಕದ್ದು ಎಂಟು ತಿಂಗಳ ನಂತರ, ಹುಬ್ಬಳ್ಳಿಯ ಇನ್ನೊಂದು ಕಂಪನಿಯಲ್ಲಿ. ಜಾಲದ ಮೇಲ್ವಿಚಾರಣೆ, ವಾರಕ್ಕೊಮ್ಮೆ ರಾತ್ರಿಪಾಳಿ. ಸಂಬಳ ಎಣಿಸಿದಷ್ಟಿಲ್ಲ, ಪಿಂಚಣಿ ಕೂಡಿದರೆ ಸಂಸಾರ ಸಾಗುತ್ತದೆ. ಮೇಲಧಿಕಾರಿ ಇಪ್ಪತ್ತಾರರ ಹುಡುಗಿ. ಅವಳು ಬಂದಾಗಲೆಲ್ಲ ಇವನು ಎದ್ದು ನಿಲ್ಲುತ್ತಿದ್ದನಂತೆ, ಅವಳಿಗೆ ಸಂಕೋಚ. ಒಂದು ದಿನ ಯಾವುದೋ ತೊಂದರೆ ಬಂದಾಗ ಅವಳು, ‘ಇದಕ್ಕೆ ಏನು ಮಾಡೋಣ? ನಿಮಗೆ ಏನನಿಸುತ್ತದೆ?’ ಎಂದು ಕೇಳಿದಳು. ಇವನು ಆದೇಶಕ್ಕಾಗಿ ಕಾಯುತ್ತಿದ್ದವನು, ತಬ್ಬಿಬ್ಬಾದ. ‘ನನಗ ಏನ್ ಅನಸ್ತದ ಅಂತ ಹಿಂಗ ಯಾರೂ ಕೇಳಿದ್ದಿಲ್ಲರಿ ಸರ’ ಎಂದ. ಉತ್ತರ ಹೇಳಿದನೆ ಎಂದು ಕೇಳಿದೆ. ಹೇಳಿದನಂತೆ, ಅದು ತಪ್ಪಾಗಿತ್ತಂತೆ, ಯಾರೂ ಬಯ್ಯಲಿಲ್ಲವಂತೆ. ಇದು ಅವನಿಗೆ ಇನ್ನೂ ದೊಡ್ಡ ಆಶ್ಚರ್ಯ.

ಈಗ ಅವನು ಒಬ್ಬನೇ ಬರುವುದಿಲ್ಲ. ರವಿವಾರಗಳಂದು ಸೇನೆಯಿಂದ ಮರಳಿದ ಯಾರನ್ನಾದರೂ ಕರೆತರುತ್ತಾನೆ. 2022ರ ಜೂನ್ ತಿಂಗಳಿನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ, ಅನಂತರ ಉಳಿಸಿಕೊಳ್ಳುವುದು ನಾಲ್ಕರಲ್ಲಿ ಒಂದು ಪಾಲಿನವರೆಗೆ ಮಾತ್ರ. ಇಪ್ಪತ್ತೆರಡು, ಇಪ್ಪತ್ತಮೂರಕ್ಕೇ ಅರ್ಜಿ ಬರೆಯಬೇಕಾದ ಹುಡುಗರು ಇನ್ನು ಮುಂದೆ ನಮ್ಮ ಪಡಸಾಲೆಗೂ ಬಂದಾರು. ನಾನು ಕೆಂಪು ಶಾಯಿಯ ಲೇಖನಿಯನ್ನು ಮತ್ತೆ ಕೊಂಡುತಂದಿದ್ದೇನೆ. ಕಳೆದ ರವಿವಾರ ಬಂದವನು ವೈರ್‌ಲೆಸ್ ವಿಭಾಗದ ನಾಯಕ, ಮಾತು ಕಡಿಮೆ. ಅವನ ಕಾಗದವನ್ನು ನನ್ನ ಶಿಷ್ಯನೇ ಮೊದಲು ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದ.

‘ಸರ, ಇಲ್ಲಿ “ನಾವು” ಅಂತ ಬರದಾನರಿ. ತಿದ್ದೂದ, ಹಂಗ ಬಿಡೂದ?’

ಮೊದಲು ಆ ನಾಯಕನನ್ನು ಕೂಡಲು ಹೇಳಿದೆ. ಅವನು ಇನ್ನೂ ನಿಂತೇ ಇದ್ದ.